ಬೀದರದಲ್ಲೊಬ್ಬ ಗರೀಬ

'ಪರದೇಶಿ' ಎಂಬ ಶಬ್ದ ನಮ್ಮ ಆಡುಮಾತಿನಲ್ಲಿ ಎರಡು ಅರ್ಥಗಳನ್ನು ಹೊತ್ತುಕೊಂಡಿದೆ. ಬೇರೆ ದೇಶದಿಂದ ಬಂದವನು ಎಂಬುದು ಮೊದಲನೆಯದು. ಹಿಂದೆ ಮುಂದೆ ಯಾರೂ ಇಲ್ಲದವನು, ದಿಕ್ಕುಗೆಟ್ಟವನು ಎಂಬುದು ಎರಡನೆಯದು. ಊರಿನಲ್ಲೇ ಹುಟ್ಟಿ ಬೆಳೆದ ಹುಡುಗನನ್ನೂ ತಂದೆತಾಯಿ ಇಲ್ಲದಿದ್ದರೆ 'ಪಾಪ, ಪರದೇಶಿ' ಎಂದು ಮರುಕದಿಂದ ಕರೆಯುವುದುಂಟು. ಉತ್ತರ ಕರ್ನಾಟಕದಲ್ಲಿ ದಿನನಿತ್ಯ ಕೇಳಿಬರುವ 'ಗರೀಬ' ಎಂಬ ಮಾತಿನ ಹಣೆಬರಹವೂ ಇಂಥದೇ. ಇಂದು ಅದರ ಅರ್ಥ ಬಡವ ಎಂದು. ಅರಬ್ಬೀ ಮೂಲದಲ್ಲಾದರೋ ಅದಕ್ಕೆ ಪರಸ್ಥಳದವನು, ಅಪರಿಚಿತ ಎಂದೇ ಅರ್ಥ. ಬಹಮನೀ ಸುಲ್ತಾನರ ಕಾಲದ ಬೀದರದಲ್ಲಿ ಈ ಶಬ್ದ ತನ್ನ ಮೂಲಾರ್ಥದಲ್ಲೇ ಬಳಕೆಯಲ್ಲಿತ್ತು. ಇರಾನ್, ಖುರಾಸಾನ್, ಗೀಲಾನ್ ಮೊದಲಾದ ಕಡೆಗಳಿಂದ ಸಮುದ್ರ ದಾಟಿ ಬಂದವರು ಅಲ್ಲಿ ಗರೀಬರು. ಹಲವು ತಲೆಮಾರುಗಳಿಂದ ಇಲ್ಲೇ ನೆಲೆಸಿದವರು ದಖನಿಗಳು. ಸೋಜಿಗವೆಂದರೆ, ಆ ಗರೀಬರಲ್ಲಿ ಅನೇಕರು ಬಡವರಾಗಿರಲಿಲ್ಲ. ರಾಜ್ಯದ ಸೇನಾಪತಿಗಳೂ ಮಂತ್ರಿಗಳೂ ಆಗಿದ್ದರು.

ನಾನು ಇಂದು ಹೇಳಹೊರಟಿರುವುದು ಎರಡೂ ಅರ್ಥಗಳಲ್ಲಿ ಗರೀಬನಾಗಿದ್ದ ಒಬ್ಬ ಮನುಷ್ಯನ ವೃತ್ತಾಂತ. ಅವನ ಹೆಸರು ಅಫನಾಸಿ ನಿಕಿತಿನ್. ರಷ್ಯದಲ್ಲಿ, ವೋಲ್ಗಾ ನದಿಯ ದಂಡೆಯ ಮೇಲಿರುವ ತ್ವೇರ್ ಎಂಬ ಪಟ್ಟಣದ ವರ್ತಕ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ನಾಡಿಗೆ ಬಂದು, ಬೀದರ ಗುಲಬರ್ಗೆಗಳ ಸುತ್ತಿನಲ್ಲಿ ಕೆಲವು ವರ್ಷ ಕಳೆದು, ತಾನು ಕಂಡದ್ದನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟವನು. 'ಮೂರು ಸಮುದ್ರಗಳಾಚೆಯ ಯಾತ್ರೆ' ಎಂಬುದು ಆ ಬರಹಕ್ಕೆ ಸಂದಿರುವ ಹೆಸರು. ಕ್ಯಾಸ್ಪಿಯನ್ ಸಮುದ್ರ, ನಮ್ಮ ಅರಬ್ಬೀ ಸಮುದ್ರ, ಕಪ್ಪು ಸಮುದ್ರ—ಇವೇ ಆ ಮೂರು. ಅವನು 1466ರಲ್ಲಿ ಊರು ಬಿಟ್ಟನೆಂದು ಹಿಂದಿನ ವಿದ್ವಾಂಸರ ಮತ. 1468ರಲ್ಲಿ ಎಂದು ಈಚಿನವರ ಮತ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ವಾಸ್ಕೋ ಡ ಗಾಮ ಕಲ್ಲಿಕೋಟೆಯಲ್ಲಿ ಇಳಿದ 1498ಕ್ಕಿಂತ ಇದು ಕಾಲು ಶತಮಾನ ಹಿಂದಿನ ಮಾತು. ಹಾಗೆಂದು, ಕೆಲವರು ಹೇಳುವಂತೆ, ಭಾರತಕ್ಕೆ ಬಂದ ಮೊದಲ ಯುರೋಪಿಯನ್ನನೇನೂ ಅವನಲ್ಲ. ವೆನಿಸ್ಸಿನ ನಿಕೊಲೊ ಕೊಂತಿ ಅವನಿಗಿಂತ ಮೊದಲೇ ವಿಜಯನಗರವನ್ನು ಕಂಡಿದ್ದ. ಆದರೆ ವಿಜಯನಗರಕ್ಕೆ ಬಂದ ವಿದೇಶೀಯರ ದೊಡ್ಡ ಸಾಲೇ ಇದೆ. ಪಾರಸೀಕದ ರಾಯಭಾರಿ ಅಬ್ದುರ್ ರಜಾಕ್, ಪೋರ್ಚುಗೀಸರಾದ ಪಾಯೆಸ್, ನೂನಿಜ್, ಹೀಗೆ. ಬೀದರಕ್ಕೆ ಯುರೋಪಿನಿಂದ ಬಂದು ಅದರ ಒಳಗುಟ್ಟನ್ನು ಬರೆದಿಟ್ಟವನೆಂದು ಥಟ್ಟನೆ ನೆನಪಾಗುವವನು ಇವನೊಬ್ಬನೇ. ಅವನ ಹಿಂದೆ ರಾಜನಿರಲಿಲ್ಲ, ಹಡಗುಪಡೆ ಇರಲಿಲ್ಲ, ಪಾದ್ರಿಗಳ ಸಂಘವಿರಲಿಲ್ಲ. ಅವನು ಒಬ್ಬನೇ ಇದ್ದ.

ಒಬ್ಬನೇ ಹೊರಟವನಲ್ಲ, ಒಬ್ಬನೇ ಉಳಿದವನು ಎಂದು ಹೇಳುವುದು ಹೆಚ್ಚು ಸರಿ. ಊರಿನಿಂದ ಹೊರಟಾಗ ಅವನ ಜೊತೆ ಇತರ ವರ್ತಕರಿದ್ದರು, ದೋಣಿಗಳಿದ್ದವು, ಸರಕಿತ್ತು, ತ್ವೇರಿನ ಅರಸ ಕೊಟ್ಟ ರಹದಾರಿಯೂ ಇತ್ತು. ಕ್ಯಾಸ್ಪಿಯನ್ ಸಮುದ್ರದ ಆಚೆಯ ಶಿರ್ವಾನ್ ದೇಶದಲ್ಲಿ ವ್ಯಾಪಾರ ಮಾಡಿ ಹಿಂದಿರುಗುವುದು ಅವರ ಎಣಿಕೆ. ಹಿಂದೂಸ್ಥಾನ ಅವರ ಕನಸಿನಲ್ಲೂ ಇದ್ದಂತೆ ಕಾಣುವುದಿಲ್ಲ. ವೋಲ್ಗಾ ನದಿ ಸಮುದ್ರ ಸೇರುವ ಅಸ್ತ್ರಖಾನ್ ಬಳಿ ತಾರ್ತರರು ಅವರನ್ನು ಸುಲಿದರು. ಮುಂದೆ ಒಂದು ದೋಣಿ ಬಿರುಗಾಳಿಗೆ ಸಿಕ್ಕಿ ಒಡೆಯಿತು, ಅದರಲ್ಲಿದ್ದವರು ಸೆರೆಯಾದರು. ಉಳಿದವರು ಶಿರ್ವಾನದ ದೊರೆಯ ಬಳಿ ಹೋಗಿ, ಊರಿಗೆ ಮರಳಲು ದಾರಿವೆಚ್ಚಕ್ಕೆ ಏನಾದರೂ ದಯಪಾಲಿಸಬೇಕೆಂದು ಬೇಡಿದರು. ನೀವು ಬಹಳ ಜನರಿದ್ದೀರಿ ಎಂದು ದೊರೆ ಏನನ್ನೂ ಕೊಡಲಿಲ್ಲ. ಆಗ ಅವರೆಲ್ಲ ಅತ್ತು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಚೆದುರಿದರೆಂದು ನಿಕಿತಿನ್ ಬರೆಯುತ್ತಾನೆ. ಊರಿನಲ್ಲಿ ಆಸ್ತಿಪಾಸ್ತಿ ಇದ್ದವರು ಊರಿಗೆ ಹೋದರು. ಸಾಲ ಇದ್ದವರು ಕಾಲು ಕರೆದೊಯ್ದ ಕಡೆಗೆ ಹೋದರು. ತನ್ನ ಬಗ್ಗೆ ಅವನು ಹೆಚ್ಚು ಹೇಳಿಕೊಳ್ಳುವುದಿಲ್ಲ. ಆದರೆ ಅವನು ಎರಡನೆಯ ಗುಂಪಿಗೆ ಸೇರಿದವನೆಂದು ಊಹಿಸಲು ಕಷ್ಟವೇನಿಲ್ಲ. ಜಗತ್ತನ್ನು ನೋಡುವ ಹಂಬಲದಿಂದ ದೇಶಾಂತರ ಹೊರಟವರ ಕಥೆಗಳನ್ನು ನಾವು ಬಹಳ ಓದಿದ್ದೇವೆ. ಬರಿಗೈಯಲ್ಲಿ ಸಾಲಗಾರರ ಮುಖ ನೋಡಲಾರದೆ ಮುಂದೆ ಮುಂದೆ ನಡೆದು, ಹಾಗೆ ನಡೆಯುತ್ತಲೇ ಜಗತ್ತನ್ನು ಕಂಡವನ ಕಥೆ ಇದು.

ಆ ಸುಲಿಗೆಯಲ್ಲಿ ಅವನು ಕಳೆದುಕೊಂಡ ಒಂದು ವಸ್ತುವನ್ನು ಇಲ್ಲಿಯೇ ಹೇಳಿಬಿಡಬೇಕು. ಅವನ ಧರ್ಮಗ್ರಂಥಗಳು ಹೋದವು. ಹಬ್ಬಗಳೂ ಉಪವಾಸಗಳೂ ಯಾವಾಗ ಬರುತ್ತವೆ ಎಂಬುದನ್ನು ಲೆಕ್ಕ ಹಾಕಲು ಅವನಿಗಿದ್ದ ಆಸರೆ ಆ ಪುಸ್ತಕಗಳೇ. ನಮ್ಮವನೊಬ್ಬ ಪಂಚಾಂಗವಿಲ್ಲದೆ, ಪುರೋಹಿತರಿಲ್ಲದೆ, ತನ್ನ ತಿಥಿವಾರಗಳನ್ನು ಬಲ್ಲವರು ಯಾರೂ ಇಲ್ಲದ ದೇಶದಲ್ಲಿ ವರ್ಷಗಟ್ಟಲೆ ಉಳಿದರೆ ಹೇಗಾದೀತೋ ಹಾಗೆ. ಈ ನಷ್ಟದ ಬೆಲೆ ಅವನಿಗೆ ಪೂರ್ತಿಯಾಗಿ ಅರಿವಾದದ್ದು ಬೀದರಕ್ಕೆ ಬಂದ ಮೇಲೆ.

ಇರಾನಿನ ಊರೂರುಗಳಲ್ಲಿ ತಂಗುತ್ತ ಅವನು ಹೊರ್ಮುಜ್ ಬಂದರಿಗೆ ಬಂದ. ಅಲ್ಲಿ ಅವನಿಗೆ ತಿಳಿದುಬಂದ ಸಂಗತಿಯೆಂದರೆ, ಹಿಂದೂಸ್ಥಾನದಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಆದ್ದರಿಂದ ಅದಕ್ಕೆ ಅಲ್ಲಿ ಬಂಗಾರದ ಬೆಲೆ ಎಂಬುದು. ಮಾತು ಸುಳ್ಳಲ್ಲ. ಬಹಮನಿಗಳೂ ವಿಜಯನಗರದವರೂ ಪರಸ್ಪರ ಕಾದಾಡಿದ್ದು ಬಹುಮಟ್ಟಿಗೆ ಸಮುದ್ರದಾಚೆಯಿಂದ ಬಂದ ಕುದುರೆಗಳ ಮೇಲೆ ಕುಳಿತೇ. ನಿಕಿತಿನ್ ಒಂದು ಗಂಡುಕುದುರೆಯನ್ನು ಕೊಂಡು ಹಡಗು ಹತ್ತಿ, ಕೊಂಕಣ ತೀರದ ಚೌಲ್ ಬಂದರಿನಲ್ಲಿ ಇಳಿದ. ಅಲ್ಲಿಯ ಜನರ ಅರೆಬತ್ತಲೆ ಉಡುಗೆ, ಒಂದೇ ಜಡೆ ಹೆಣೆದ ತಲೆಗೂದಲು, ಇವೆಲ್ಲ ಅವನಿಗೆ ಸೋಜಿಗ. ಅವರಿಗೆ ಅವನೇ ಸೋಜಿಗ. ತಾನು ಹೋದಲ್ಲೆಲ್ಲ ಬಿಳಿಯ ಮನುಷ್ಯನನ್ನು ನೋಡಲು ಜನ ಹಿಂದೆ ಹಿಂದೆ ಬರುತ್ತಿದ್ದರೆಂದು ಅವನು ಬೇಸರವಿಲ್ಲದೆ ಬರೆದುಕೊಂಡಿದ್ದಾನೆ. ನೋಡಲು ಬಂದವನೇ ನೋಟದ ವಸ್ತುವಾಗುವುದು ಒಂಟಿ ಪ್ರವಾಸಿಯ ಪಾಲಿಗೆ ತಪ್ಪಿದ್ದಲ್ಲ.

ಚೌಲಿನಿಂದ ಘಟ್ಟ ಹತ್ತಿ ಜುನ್ನರಕ್ಕೆ ಬಂದಾಗ ಮಳೆಗಾಲ. ನಾಲ್ಕು ತಿಂಗಳು ಹಗಲಿರುಳೂ ನೀರು, ಕೆಸರು. ಇಲ್ಲಿಯ ಕುದುರೆಗಳಿಗೆ ಕಾಳನ್ನೂ, ಸಕ್ಕರೆ ಬೆರೆಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುವುದನ್ನು ಅವನು ಕಂಡದ್ದು ಆಗಲೇ. ಈ ಊರಿನಲ್ಲಿ ಅವನಿಗೆ ಮೊದಲ ದೊಡ್ಡ ಪರೀಕ್ಷೆ ಎದುರಾಯಿತು. ಇವನು ಮುಸಲ್ಮಾನನಲ್ಲ, ರಷ್ಯದವನು ಎಂಬುದು ತಿಳಿದೊಡನೆ ಅಲ್ಲಿಯ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡ. ನಮ್ಮ ಮತಕ್ಕೆ ಬಂದರೆ ಕುದುರೆಯ ಜೊತೆ ಸಾವಿರ ಚಿನ್ನದ ನಾಣ್ಯಗಳನ್ನು ಕೊಡುತ್ತೇನೆ. ಬಾರದಿದ್ದರೆ ಕುದುರೆಯೂ ಹೋಯಿತು, ಸಾವಿರ ನಾಣ್ಯಗಳನ್ನು ನೀನೇ ತೆರಬೇಕು ಎಂದ. ಕೊಟ್ಟ ಗಡುವು ನಾಲ್ಕು ದಿನ. ನೂರು ರೂಬಲ್ ಖರ್ಚು ಮಾಡಿ ತಂದ ಆ ಕುದುರೆಯೇ ನಿಕಿತಿನ್ನನ ಸರ್ವಸ್ವ. ಗಡುವು ಮುಗಿಯುವ ಮೊದಲು ಖುರಾಸಾನದ ಖ್ವಾಜಾ ಮಹಮದ್ ಎಂಬ ಹಿರಿಯನೊಬ್ಬ ಊರಿಗೆ ಬಂದ. ನಿಕಿತಿನ್ ಅವನ ಮೊರೆಹೊಕ್ಕ. ಆ ಪುಣ್ಯಾತ್ಮ ತಾನೇ ಖಾನನ ಬಳಿಗೆ ಹೋಗಿ ಮಾತನಾಡಿ, ಮತಾಂತರದ ಮಾತನ್ನು ಬಿಡಿಸಿ, ಕುದುರೆಯನ್ನು ಹಿಂದಕ್ಕೆ ತಂದುಕೊಟ್ಟ. ಪೀಡಿಸಿದವನೂ ಮುಸಲ್ಮಾನ, ಬಿಡಿಸಿದವನೂ ಮುಸಲ್ಮಾನ. ನಿಕಿತಿನ್ ಎರಡನ್ನೂ ಮರೆಮಾಚದೆ ಬರೆದಿದ್ದಾನೆ.

ಇಷ್ಟಾದ ಮೇಲೆ ಅವನು ಬೀದರಕ್ಕೆ ಬಂದ. ಗುಲಬರ್ಗೆಯಿಂದ, ಎಂದರೆ ಇಂದಿನ ಕಲಬುರಗಿಯಿಂದ, ಅಹಮದ್ ಶಾಹ ವಲಿ ರಾಜಧಾನಿಯನ್ನು ಬೀದರಕ್ಕೆ ಸಾಗಿಸಿ ಆಗ ಅರ್ಧ ಶತಮಾನವೂ ಪೂರ್ತಿಯಾಗಿರಲಿಲ್ಲ. ಸುಲ್ತಾನ ಮೂರನೆಯ ಮಹಮ್ಮದ್ ಶಾಹ ಎಳೆಯ ಪ್ರಾಯದವನು. ರಾಜ್ಯದ ಭಾರವೆಲ್ಲ 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ದೊರೆ, ಎಂಬ ಬಿರುದಿದ್ದ ಮಹಮೂದ್ ಗವಾನನ ಮೇಲಿತ್ತು. ನಗರದಲ್ಲಿ ಕುದುರೆ, ಜರಿ, ರೇಷ್ಮೆಗಳ ವ್ಯಾಪಾರ ನಡೆಯುತ್ತಿತ್ತು. ಗುಲಾಮರಾಗಿ ಮನುಷ್ಯರೂ ಮಾರಾಟಕ್ಕಿದ್ದರು. ಇಂಥ ನಗರದಲ್ಲಿ ಅಫನಾಸಿ ತನ್ನನ್ನು ಖ್ವಾಜಾ ಯೂಸುಫ್ ಖುರಾಸಾನಿ ಎಂದು ಕರೆದುಕೊಂಡ. ಜುನ್ನರದ ಅನುಭವವನ್ನು ನೆನೆದರೆ ಇದನ್ನು ಕಪಟವೆನ್ನಲು ನನಗೆ ಮನಸ್ಸಾಗದು. ಖುರಾಸಾನಿಗಳು ತುಂಬಿದ್ದ ನಗರದಲ್ಲಿ ಖುರಾಸಾನಿಯಾಗುವುದೇ ಎಲ್ಲರ ಕಣ್ಣಿಗೆ ಬೀಳದಿರುವ ಉಪಾಯ. ಪರಕೀಯನೊಬ್ಬ ಇನ್ನೊಂದು ಬಗೆಯ ಪರಕೀಯನ ವೇಷ ತೊಟ್ಟ.

ಆ ವೇಷದಲ್ಲಿ ಅವನಿಗೆ ಕಂಡ ಬೀದರ ಹೊರಗಿನ ಬೀದರ. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳು. ಒಂದೊಂದು ಬಾಗಿಲಿನಲ್ಲೂ ನೂರು ಕಾವಲುಗಾರರು, ನೂರು ಬರಹಗಾರರು. ಒಳಹೋಗುವವರ ಹೆಸರನ್ನು ಕೆಲವರು ಬರೆದುಕೊಳ್ಳುತ್ತಾರೆ, ಹೊರಬರುವವರ ಹೆಸರನ್ನು ಕೆಲವರು. ಗರೀಬರಿಗೆ ಒಳಗೆ ಪ್ರವೇಶವಿಲ್ಲ. ಅರಮನೆ ಬಲು ಸುಂದರ, ಕೊನೆಯ ಕಲ್ಲಿನವರೆಗೂ ಕೆತ್ತನೆ, ಬಂಗಾರದ ಬಣ್ಣ ಎಂದು ಬರೆಯುತ್ತಾನೆ. ರಾತ್ರಿ ಕೊತ್ವಾಲನ ಸಾವಿರ ಸವಾರರು ಕೈಯಲ್ಲಿ ದೀವಟಿಗೆ ಹಿಡಿದು ಊರು ಕಾಯುತ್ತಾರೆ. ಬೀದಿಗಳಲ್ಲಿ ಎರಡು ಮಾರು ಉದ್ದದ ಹಾವುಗಳು ಹರಿಯುತ್ತವೆ. ಹಬ್ಬದ ದಿನ ಸುಲ್ತಾನನ ಸವಾರಿ ಹೊರಟಾಗ ಉಕ್ಕಿನ ಕವಚ ತೊಟ್ಟ ಮುನ್ನೂರು ಆನೆಗಳು, ಅವುಗಳ ದಂತಗಳಿಗೆ ಕಟ್ಟಿದ ಕತ್ತಿಗಳು. ಅವನ ಅಂಕಿಗಳನ್ನೆಲ್ಲ ಅಕ್ಷರಶಃ ನಂಬಬೇಕಾದುದಿಲ್ಲ. ಬೀದಿಯಂಚಿನಲ್ಲಿ ನಿಂತು ಮೆರವಣಿಗೆ ನೋಡುವವನ ಲೆಕ್ಕ ಯಾವಾಗಲೂ ತುಸು ಹಿಗ್ಗುತ್ತದೆ.

ಆದರೆ ಅಲ್ಲಿ ನಿಂತಿದ್ದರಿಂದಲೇ ಅವನಿಗೆ ಇನ್ನೊಂದು ಸತ್ಯವೂ ಕಂಡಿತು. ಅಮೀರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಹೋಗುತ್ತಾರೆ. ಮುಂದೆ ಚಿನ್ನದ ಜೀನು ಹೊತ್ತ ಕುದುರೆಗಳು, ಹಿಂದೆ ನೂರಾರು ಸವಾರರು, ಕಹಳೆ ಊದುವವರು, ನಗಾರಿ ಬಾರಿಸುವವರು. ನಾಡಿನಲ್ಲಿ ಜನ ಕಿಕ್ಕಿರಿದಿದ್ದಾರೆ. ಆದರೆ ಹಳ್ಳಿಯ ಜನ ಬಲು ಬಡವರು, ಅಮೀರರು ಬಲು ಸಿರಿವಂತರು. ಕುದುರೆಯ ಮೇಲಿರುವವರು ಖುರಾಸಾನಿಗಳು. ಈ ನಾಡಿನವರು ಬರಿಗಾಲಿನಲ್ಲಿ ಕತ್ತಿ ಗುರಾಣಿ ಹಿಡಿದು ಮುಂದೆ ಬಿರಬಿರನೆ ನಡೆಯುತ್ತಾರೆ. ಬಹಮನೀ ಇತಿಹಾಸ ಬರೆದವರು ಈ ಮಾತುಗಳನ್ನು ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. ಕಾರಣ ಸ್ಪಷ್ಟ. ಆಸ್ಥಾನದ ಪಾರಸೀಕ ಚರಿತ್ರಕಾರರಿಗೆ ಬರಿಗಾಲಿನವರು ಕಂಡದ್ದು ಕಡಿಮೆ. ಏಳು ಬಾಗಿಲುಗಳ ಒಳಗೆ ಕುಳಿತವರಿಗೆ ಕಾಣದ್ದು, ಹೊರಗೆ ನಿಲ್ಲಿಸಲ್ಪಟ್ಟವನಿಗೆ ಕಂಡಿತು.

ಬೀದರಕ್ಕೆ ಹನ್ನೆರಡು ಹರದಾರಿಯಾಚೆ ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಜಾತ್ರೆ ನೆರೆಯುತ್ತಿತ್ತೆಂದೂ, ದೇಶದ ಮೂಲೆಮೂಲೆಗಳಿಂದ ಕುದುರೆಗಳು ಅಲ್ಲಿ ಮಾರಾಟಕ್ಕೆ ಬರುತ್ತಿದ್ದವೆಂದೂ ಅವನು ಹೇಳುತ್ತಾನೆ. ಇಂದಿಗೂ ಆಳಂದದಲ್ಲಿ ಲಾಡ್ಲೆ ಮಶಾಯಿಕ್ ಎಂದು ಜನಪ್ರಿಯರಾದ ಶೇಖ್ ಅಲಾವುದ್ದೀನ್ ಅನ್ಸಾರಿಯವರ ದರ್ಗಾ ಇದೆ. ಆ ಊರಿನಲ್ಲಿ 'ಗುಕುಕ್' ಎಂಬ ಹಕ್ಕಿಯಿದೆಯಂತೆ. ರಾತ್ರಿ ಹಾರುತ್ತ ಕೂಗುತ್ತದೆ. ಯಾರ ಮನೆಯ ಮೇಲೆ ಕೂರುತ್ತದೆಯೋ ಆ ಮನೆಯಲ್ಲಿ ಸಾವು. ಕೊಲ್ಲಹೋದರೆ ಬಾಯಿಂದ ಬೆಂಕಿ ಉಗುಳುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಅಜ್ಜಿಯರು ಬೈದು ಓಡಿಸುತ್ತಿದ್ದ ಗೂಗೆಯ ನೆನಪಾಯಿತು. ಆ ಹೆಸರು ಯಾವ ಭಾಷೆಯಿಂದ ಅವನ ಕಿವಿಗೆ ಬಿತ್ತೋ, ನಿರ್ಧರಿಸಿ ಹೇಳುವುದು ನನ್ನ ಕೆಲಸವಲ್ಲ. ಆದರೆ ಆಳಂದದ ಯಾವುದೋ ಮನೆಯ ಜಗಲಿಯಲ್ಲಿ, ಕತ್ತಲಲ್ಲಿ, ಯಾರೋ ಅವನಿಗೆ ತಗ್ಗಿದ ದನಿಯಲ್ಲಿ ಈ ಮಾತು ಹೇಳಿದ್ದಾರೆ. ಅಂಥ ಮಾತನ್ನು ಜನ ಎಲ್ಲರಿಗೂ ಹೇಳುವುದಿಲ್ಲ.

ಈ ವೃತ್ತಾಂತದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಘಟ್ಟ ಇನ್ನು ಮುಂದಿನದು. ಕ್ರಿಸ್ಮಸ್ ಹೊತ್ತಿಗೆ ಅವನು ತನ್ನ ಕುದುರೆಯನ್ನು ಬೀದರದಲ್ಲಿ ಮಾರಿದ. ಒಂದು ವರ್ಷ ಸಾಕಿ ಸಲಹಿದ ಕುದುರೆ. ಅದರ ಮೇವಿನ ಖರ್ಚೇ ಅವನನ್ನು ಹಣ್ಣು ಮಾಡಿತ್ತು. ಆಮೇಲೆ ಕೆಲವು ತಿಂಗಳು ಅಲ್ಲೇ ಇದ್ದು ಈ ನಾಡಿನ ಅನೇಕ ಹಿಂದೂಗಳ ಪರಿಚಯ ಮಾಡಿಕೊಂಡ. ಅವರ ಮುಂದೆ ಅವನು ತನ್ನ ವೇಷವನ್ನು ಕಳಚಿದ. ನಾನು ಮುಸಲ್ಮಾನನಲ್ಲ, ಕ್ರೈಸ್ತ. ನನ್ನ ನಿಜವಾದ ಹೆಸರು ಅಫನಾಸಿ. ಖ್ವಾಜಾ ಯೂಸುಫ್ ಎಂಬುದು ಇಲ್ಲಿಯ ಹೆಸರು ಎಂದು ಹೇಳಿಬಿಟ್ಟ. ಅಂದಿನಿಂದ ಅವರು ತನ್ನಿಂದ ಏನನ್ನೂ ಬಚ್ಚಿಡಲಿಲ್ಲ ಎಂದು ಬರೆಯುತ್ತಾನೆ. ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಮುಚ್ಚಲಿಲ್ಲ. ಹೆಂಗಸರನ್ನೂ ಅವನಿಂದ ಮರೆಮಾಡಲಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ಅವನೇ ಇನ್ನೊಂದು ಕಡೆ ಬರೆದುದನ್ನು ನೆನೆಯಬೇಕು. ಈ ಜನ ಊಟ ಮಾಡುವುದನ್ನು ಪರರು ಕಂಡರೆ ಆ ಅನ್ನವನ್ನು ಮತ್ತೆ ಮುಟ್ಟುವುದಿಲ್ಲ. ಕೆಲವರು ಯಾರ ಕಣ್ಣಿಗೂ ಬೀಳಬಾರದೆಂದು ಬಟ್ಟೆ ಮುಸುಕಿಕೊಂಡು ಉಣ್ಣುತ್ತಾರೆ. ಇಲ್ಲಿ ಎಂಬತ್ತನಾಲ್ಕು ಮತಗಳು. ಒಬ್ಬರೊಡನೊಬ್ಬರು ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಹೆಣ್ಣು ಕೊಟ್ಟು ತರುವುದಿಲ್ಲ. ದಾರಿ ನಡೆಯುವಾಗಲೂ ತಮ್ಮ ತಮ್ಮ ಅಡುಗೆಯ ಪಾತ್ರೆ ತಮ್ಮ ತಮ್ಮ ಕೈಯಲ್ಲಿ. ಉಣ್ಣುವುದು ಬಲಗೈಯಲ್ಲಿ, ಚಮಚ ಗೊತ್ತಿಲ್ಲ. ನಮ್ಮ ಜಾತಿಪದ್ಧತಿಯ ಬಿಗಿಯನ್ನು ಇಷ್ಟು ಚೆನ್ನಾಗಿ ಕಂಡುಕೊಂಡವನಿಗೆ, ಅದೇ ಜನ ತಮ್ಮ ಅನ್ನವನ್ನು ನೋಡಗೊಟ್ಟರು. ತಮ್ಮತಮ್ಮೊಳಗೇ ಇಷ್ಟೊಂದು ಗೋಡೆಗಳನ್ನು ಕಟ್ಟಿಕೊಂಡಿದ್ದವರು ಈ ಪರಕೀಯನಿಗೆ ಏಕೆ ಬಾಗಿಲು ತೆರೆದರು? ಅವನು ಆಳುವವರ ಮತಕ್ಕೆ ಸೇರಿದವನಲ್ಲ ಎಂಬುದು ಒಂದು ಕಾರಣವಿರಬೇಕು. ನನಗೆ ಇನ್ನೊಂದೂ ತೋರುತ್ತದೆ. ಅವನು ತನ್ನ ಗುಟ್ಟನ್ನು ಮೊದಲು ಅವರ ಕೈಗಿಟ್ಟ. ಆ ಹೆಸರು ತಪ್ಪಿ ಕೊತ್ವಾಲನ ಕಿವಿಗೆ ಬಿದ್ದಿದ್ದರೆ ಜುನ್ನರದ ಕಥೆ ಮತ್ತೊಮ್ಮೆ ನಡೆಯಬಹುದಾಗಿತ್ತು. ಈ ಸಲ ಬಿಡಿಸಲು ಯಾವ ಖ್ವಾಜಾ ಮಹಮದನೂ ಇರಲಿಲ್ಲ. ತನ್ನನ್ನು ನಂಬಿದವನನ್ನು ಅವರೂ ನಂಬಿದರು.

ಆ ಶಿವರಾತ್ರಿಗೆ ಅವರು ಅವನನ್ನು ತಮ್ಮೊಡನೆ ಶ್ರೀಶೈಲಕ್ಕೆ ಕರೆದೊಯ್ದರು. ಅವನು ಅದನ್ನು 'ಪರ್ವತ' ಎಂದೇ ಕರೆಯುತ್ತಾನೆ. ಆ ಪರ್ವತದ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅಲ್ಲಮ, ಅಕ್ಕಮಹಾದೇವಿಯರ ಚರಿತ್ರೆಗಳು ಆ ಕಾಡಿನಲ್ಲೇ ಕೊನೆಗಾಣುತ್ತವೆ. ಇಂದಿಗೂ ನಮ್ಮ ಉತ್ತರದ ಜಿಲ್ಲೆಗಳಿಂದ ಸಾವಿರಾರು ಭಕ್ತರು ಕಾಲ್ನಡಿಗೆಯಲ್ಲಿ ಮಲ್ಲಿಕಾರ್ಜುನನ ದರ್ಶನಕ್ಕೆ ಹೋಗುತ್ತಾರೆ. ಅಂಥ ಯಾತ್ರಿಕರ ನಡುವೆ ಐನೂರೈವತ್ತು ವರ್ಷಗಳ ಹಿಂದೆ ತ್ವೇರಿನ ಕ್ರೈಸ್ತನೊಬ್ಬ ನಡೆದಿದ್ದ. ಗುಡಿಯ ವಿಸ್ತಾರ ತನ್ನ ಊರಾದ ತ್ವೇರಿನ ಅರ್ಧದಷ್ಟಿದೆ ಎಂದು ಅವನ ಅಳತೆ. ಗೋಡೆಗಳ ಮೇಲೆ ಸುತ್ತಲೂ ದೇವರ ಲೀಲೆಗಳನ್ನು ಕೆತ್ತಿದ್ದಾರೆಂದು ಬರೆಯುತ್ತಾನೆ. ಇಂದಿನ ಪ್ರಾಕಾರದ ಮೇಲೂ ಅಂಥ ಉಬ್ಬುಶಿಲ್ಪಗಳ ಸಾಲುಗಳನ್ನು ನೋಡಬಹುದು. ಕರಿಗಲ್ಲಿನ ದೊಡ್ಡ ಬಸವ, ಅದಕ್ಕೆ ಚಿನ್ನದ ಲೇಪ. ಜನ ಅದರ ಗೊರಸಿಗೆ ಮುತ್ತಿಡುತ್ತಾರೆ, ಹೂವು ಎರಚುತ್ತಾರೆ. ಕೈಯೆತ್ತಿ ನಿಂತ ಒಂದು ವಿಗ್ರಹವನ್ನು ಕಂಡು ಅವನಿಗೆ ಕಾನ್‌ಸ್ಟಾಂಟಿನೋಪಲ್ ನಗರದ ಜಸ್ಟಿನಿಯನ್ ಚಕ್ರವರ್ತಿಯ ಪ್ರತಿಮೆ ನೆನಪಾಯಿತು. ಪರ್ವತವನ್ನು ಹಿಂದೂಗಳ ಜೆರೂಸಲೆಮ್ ಎಂದೂ ಕರೆದ. ಗೊತ್ತಿಲ್ಲದುದನ್ನು ಗೊತ್ತಿರುವುದರಿಂದ ಅಳೆಯುವುದು ಎಲ್ಲ ಪ್ರವಾಸಿಗಳ ಸ್ವಭಾವ. ಆದರೆ ಅವನು ಹಳಿಯಲು ಹೋಲಿಸಲಿಲ್ಲ. ತನ್ನ ನಾಡಿನವರಿಗೆ ಅರ್ಥವಾಗಲೆಂದು ತನಗೆ ಅತ್ಯಂತ ಪವಿತ್ರವಾದ ಹೆಸರನ್ನೇ ಎತ್ತಿ ನಮ್ಮ ಪರ್ವತಕ್ಕೆ ಕೊಟ್ಟ.

ಶ್ರೀಶೈಲದಲ್ಲಿ ಪರರ ಹಬ್ಬವನ್ನು ಕಂಡು ಬೀದರಕ್ಕೆ ಮರಳಿದವನಿಗೆ ತನ್ನ ಹಬ್ಬ ಯಾವಾಗ ಎಂಬುದೇ ತಿಳಿಯದಾಗಿತ್ತು. ಅವರ ಈಸ್ಟರ್ ಹಬ್ಬ ನಿಂತ ತಾರೀಖಿನಲ್ಲಿ ಬರುವಂಥದಲ್ಲ. ಪುಸ್ತಕವಿಲ್ಲದೆ ಅದನ್ನು ಕಂಡುಹಿಡಿಯುವುದು ಕಷ್ಟ. ಬೀದರದ ರಾತ್ರಿಗಳಲ್ಲಿ ಅವನು ಆಕಾಶ ನೋಡಿದ. ಕೃತ್ತಿಕೆ ಮುಂಜಾವದ ಬೆಳಕಿನಲ್ಲಿ ಕರಗಿದೆ, ಸಪ್ತರ್ಷಿ ಮಂಡಲ ಪೂರ್ವಕ್ಕೆ ತಲೆಯಿಟ್ಟು ನಿಂತಿದೆ ಎಂದು ಗುರುತು ಹಾಕಿಕೊಂಡು, ಹಬ್ಬ ಬಂದಿರಬಹುದೆಂದು ಅಂದಾಜು ಮಾಡಿದ. ಉಪವಾಸ ಮಾಡಬೇಕೆನಿಸಿತು, ಜೊತೆಗೆ ಯಾರೂ ಇಲ್ಲ. ಸುತ್ತಲಿನ ಮುಸಲ್ಮಾನರು ರೋಜಾ ಹಿಡಿದಾಗ ಅವರೊಡನೆ ತಾನೂ ಒಂದು ತಿಂಗಳು ರೊಟ್ಟಿ ನೀರಿನ ಮೇಲೆ ಕಳೆದ. ಉಪವಾಸದ ದಿನಗಳು ಅವರವು, ಪ್ರಾರ್ಥನೆ ತನ್ನದು. ಆ ಪ್ರಾರ್ಥನೆಯ ಭಾಷೆಯೂ ಬರಬರುತ್ತ ಬದಲಾಯಿತು. ರಷ್ಯನ್ ಭಾಷೆಯಲ್ಲಿ ಆರಂಭವಾಗುವ ಅವನ ವಾಕ್ಯಗಳು ನಡುವೆ ತುರ್ಕಿ, ಪಾರಸಿ, ಅರಬ್ಬಿಗಳಿಗೆ ಜಾರಿ ಅಲ್ಲೇ ಮುಗಿಯುತ್ತವೆ. ದೇವರನ್ನು ನಾಲ್ಕು ಭಾಷೆಗಳ ಹೆಸರುಗಳಿಂದ ಒಟ್ಟಿಗೇ ಕರೆಯುತ್ತಾನೆ.

ಒಮ್ಮೆ ಒಬ್ಬ ಮಲಿಕ್ ಅವನನ್ನು ಮತಾಂತರಕ್ಕೆ ಒತ್ತಾಯಿಸಿದ. ನೀವು ಐದು ಬಾರಿ ನಮಾಜು ಮಾಡುತ್ತೀರಿ, ನಾನು ಮೂರು ಬಾರಿ ಪ್ರಾರ್ಥಿಸುತ್ತೇನೆ. ನೀವು ಇಲ್ಲಿಯವರು, ನಾನು ಗರೀಬ ಎಂಬ ಅರ್ಥದ ಉತ್ತರವನ್ನು ನಿಕಿತಿನ್ ಕೊಟ್ಟ. ತನ್ನನ್ನು ಸೂಚಿಸಲು ಅವನು ಬಳಸಿದ ಶಬ್ದ ಅದೇ. ಅದಕ್ಕೆ ಮಲಿಕ್ ಹೇಳಿದ ಮಾತು ಖಾನನ ಬೆದರಿಕೆಗಿಂತ ಆಳಕ್ಕೆ ಇಳಿಯಿತು: ನೀನು ಮುಸಲ್ಮಾನನಾಗಿ ತೋರುವುದಿಲ್ಲ, ಆದರೆ ಕ್ರೈಸ್ತ ಧರ್ಮವನ್ನೂ ಅರಿಯೆ. ಅವನಿಗೆ ಉತ್ತರ ಹೊಳೆಯಲಿಲ್ಲ. ಬಹಳ ಯೋಚನೆಯಲ್ಲಿ ಬಿದ್ದೆ ಎಂದು ಬರೆದು, ತಾನು ದಾರಿ ತಪ್ಪಿದೆನೇ ಎಂದು ಹಲುಬುತ್ತಾನೆ. ಪರದೇಶದಲ್ಲಿ ತನ್ನ ನಾಲ್ಕು ಈಸ್ಟರುಗಳು ಕಳೆದುಹೋದವು, ಆದರೂ ಕ್ರೈಸ್ತಧರ್ಮವನ್ನು ಬಿಟ್ಟಿಲ್ಲ ಎಂದು ಲೆಕ್ಕ ಒಪ್ಪಿಸುತ್ತಾನೆ. ಇವನು ಕೊನೆಗೆ ಮತ ಬದಲಿಸಿದನೇ ಇಲ್ಲವೇ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಬರೆದವನೇ ಇಷ್ಟು ತಳಮಳದಿಂದ ಕೇಳಿಕೊಂಡ ಪ್ರಶ್ನೆಗೆ ನಾವು ಅಷ್ಟು ಸುಲಭವಾಗಿ ಒಂದು ತೀರ್ಪು ಕೊಡಬಾರದೆಂದು ನನ್ನ ಭಾವನೆ.

ಈ ಗರೀಬನ ಕಥೆ ಹೇಳುವಾಗ ಅದೇ ಬೀದರದ ಇನ್ನೊಬ್ಬ ಗರೀಬನನ್ನು ಮರೆಯುವಂತಿಲ್ಲ. ಮಹಮೂದ್ ಗವಾನನೂ ಪರದೇಶದವನೇ, ಗೀಲಾನಿನವನು. 1453ರಲ್ಲಿ ವರ್ತಕನಾಗಿಯೇ ಬಂದವನು. ಬೀದರ ಅವನಿಗೆ ಏಳು ಬಾಗಿಲುಗಳನ್ನೂ ತೆರೆಯಿತು. ನಿಕಿತಿನ್ ಅವನ ಲಾಯದ ಕುದುರೆಗಳನ್ನೂ ಆನೆಗಳನ್ನೂ ದೂರದಿಂದ ಎಣಿಸಿದ್ದಾನೆ. ಗವಾನನು ಕಟ್ಟಿಸಿದ ಮದರಸಾ 1472ರ ಸುಮಾರಿಗೆ ಮುಗಿಯಿತು. ಅರೆ ಕುಸಿದಿದ್ದರೂ ಅದರ ಉಳಿದ ಮಿನಾರಿನ ಮೇಲೆ ನೀಲಿ ಹೆಂಚುಗಳು ಇಂದಿಗೂ ಹೊಳೆಯುತ್ತವೆ. ಆದರೆ ಗರೀಬರಿಗೂ ದಖನಿಗಳಿಗೂ ಇದ್ದ ವೈರ ಅವನನ್ನು ಬಿಡಲಿಲ್ಲ. ಶತ್ರುಗಳು ಅವನ ಮುದ್ರೆಯೊತ್ತಿದ ಹಾಳೆಯ ಮೇಲೆ ಒರಿಸ್ಸದ ಅರಸನಿಗೆ ಬರೆದಂತೆ ಕಳ್ಳ ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನ ವಿಚಾರಣೆಯಿಲ್ಲದೆ 1481ರಲ್ಲಿ ಆ ವೃದ್ಧನ ತಲೆ ತೆಗೆಸಿದ; ತಪ್ಪು ತಿಳಿದು ಕೊರಗಿ ಮರುವರ್ಷ ತಾನೂ ಸತ್ತ. ಮೂವತ್ತು ವರ್ಷಗಳ ಸಮೀಪ ಈ ರಾಜ್ಯಕ್ಕೆ ದುಡಿದವನೂ ಕೊನೆಯ ಗಳಿಗೆಯಲ್ಲಿ ಪರದೇಶಿಯೇ ಆದ.

ನಿಕಿತಿನ್ನನ ಪಾಲಿಗೂ ಮನೆ ಸೇರುವ ಯೋಗವಿರಲಿಲ್ಲ. ಈ ದೇಶದಲ್ಲಿ ಸರಕು ಬೇಕಾದಷ್ಟಿದೆ ಎಂದು ಜನ ತನಗೆ ಸುಳ್ಳು ಹೇಳಿದರು, ರಷ್ಯಕ್ಕೆ ಒಯ್ಯತಕ್ಕದ್ದು ಇಲ್ಲಿ ಏನೂ ಇಲ್ಲ, ಸುಂಕ ಬಹಳ, ಕಡಲಿನಲ್ಲಿ ಕಳ್ಳರ ಕಾಟ ಎಂದು ಅವನು ಕಹಿಯಿಂದ ಬರೆದ. ದಾಭೋಳದಲ್ಲಿ ಹಡಗು ಹತ್ತಿದ. ಗಾಳಿ ಅದನ್ನು ಆಫ್ರಿಕದ ತೀರಕ್ಕೆ ಒಯ್ದು ಹಿಂದಕ್ಕೆ ತಂದಿತು. ಇರಾನ್ ದಾಟಿ ಕಪ್ಪ ಸಮುದ್ರದ ದಡದ ಟ್ರೆಬಿಜೊಂಡ್ ಸೇರಿದಾಗ, ಗೂಢಚಾರನೆಂಬ ಶಂಕೆಯಿಂದಲೋ ಏನೋ ಅಲ್ಲಿಯ ಅಧಿಕಾರಿಗಳು ಕಾಗದಪತ್ರಗಳಿಗಾಗಿ ಅವನನ್ನು ಜಾಲಾಡಿ, ಇದ್ದ ಅಲ್ಪಸ್ವಲ್ಪ ವಸ್ತುಗಳನ್ನೂ ದೋಚಿದರು. ಕಾಫಾ ಬಂದರಿನವರೆಗೆ ಮಾತ್ರ ಅವನ ಬರಹ ಸಾಗುತ್ತದೆ. ಸ್ಮೊಲೆನ್ಸ್ಕ್ ಪಟ್ಟಣ ಮುಟ್ಟುವ ಮೊದಲೇ ಅವನು ತೀರಿಕೊಂಡ. ಕೈಬರಹದ ಹೊತ್ತಗೆಗಳನ್ನು ವರ್ತಕರು ಮಾಸ್ಕೋಗೆ ತಂದು ಮಹಾರಾಜನ ಕರಣಿಕ ವಾಸಿಲಿ ಮಾಮಿರೆವನ ಕೈಗೆ ಒಪ್ಪಿಸಿದರೆಂದು 1475ರ ಕೆಳಗೆ ಒಂದು ಚರಿತ್ರಲೇಖದಲ್ಲಿ ದಾಖಲೆಯಿದೆ. ಆಮೇಲೆ ಜನ ಅವನನ್ನು ಮರೆತರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್ಜಿನ್ ಹಳೆಯ ಹಸ್ತಪ್ರತಿಗಳ ನಡುವೆ ಅದನ್ನು ಕಂಡು ಲೋಕಕ್ಕೆ ತಿಳಿಸಿದ. 1857ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಸರಿಯಾಗಿ ನೂರು ವರ್ಷಗಳ ಬಳಿಕ 'ಪರದೇಸಿ' ಎಂಬ ಹೆಸರಿನಿಂದಲೇ ಅವನ ಕಥೆ ಹಿಂದಿಯಲ್ಲಿ ಚಲನಚಿತ್ರವಾಯಿತು.

ಆ ಬರಹದಲ್ಲಿ ಒಂದು ಭಾಗವಿದೆ. ತಾನು ಕಂಡ, ಕೇಳಿದ ದೇಶಗಳ ಸಮೃದ್ಧಿಯನ್ನೆಲ್ಲ ಎಣಿಸಿ, ಕೊನೆಗೆ ತನ್ನ ರಷ್ಯವನ್ನು ನೆನೆಯುತ್ತಾನೆ. ದೇವರು ಅದನ್ನು ಕಾಪಾಡಲಿ, ಅಂಥ ನಾಡು ಜಗತ್ತಿನಲ್ಲೇ ಇಲ್ಲ ಎನ್ನುತ್ತಾನೆ. ಅದರ ಬೆನ್ನಿಗೇ, ಅಲ್ಲಿಯ ಒಡೆಯರು ಅನ್ಯಾಯಗಾರರು, ಅಲ್ಲಿ ನ್ಯಾಯ ನೆಲೆಗೊಳ್ಳಲಿ ಎಂದು ಬೇಡುತ್ತಾನೆ. ಈ ಮಾತನ್ನು ಅವನು ರಷ್ಯನ್ ಭಾಷೆಯಲ್ಲಿ ಬರೆಯಲಿಲ್ಲ, ತುರ್ಕಿಯಲ್ಲಿ ಬರೆದ. ಊರಿನ ಒಡೆಯರ ಕಣ್ಣಿಗೆ ಬೀಳದಿರಲೆಂದೇ? ಅಥವಾ ಅಷ್ಟು ವರ್ಷ ಒಬ್ಬನೇ ಅಲೆದ ಮೇಲೆ, ಹೃದಯದ ಮಾತು ಬೀದರದ ಬೀದಿಯ ಭಾಷೆಯಲ್ಲೇ ಬರುವಂತಾಗಿತ್ತೇ? ಬೀದರದ ಅಮೀರರ ಪಲ್ಲಕ್ಕಿಯನ್ನೂ ಬರಿಗಾಲಿನ ಬಡವನನ್ನೂ ಒಟ್ಟಿಗೆ ಕಂಡ ಕಣ್ಣು ತನ್ನ ಊರಿನ ಕಡೆಗೂ ಹಾಗೆಯೇ ತಿರುಗಿತು ಎಂದು ಮಾತ್ರ ಹೇಳಬಲ್ಲೆ.

ತ್ವೇರಿನಲ್ಲಿ 1955ರಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಹಳೆಯ ಚೌಲಿಗೆ ಹೊಂದಿರುವ ರೇವದಂಡದಲ್ಲಿ 2002ರಲ್ಲಿ ಒಂದು ಸ್ಮಾರಕಸ್ತಂಭ ನಿಂತಿತು. ಬೀದರಕ್ಕೆ ನಾನು ಹೋದಾಗ ಅಂಥದೊಂದನ್ನು ಹುಡುಕಿಕೊಂಡೇನೂ ಹೋಗಿರಲಿಲ್ಲ. ಹಂಪೆಗೂ ಗೋಳಗುಮ್ಮಟಕ್ಕೂ ಹೋಗುವ ಪ್ರವಾಸಿಗಳ ಗುಂಪು ಅಷ್ಟು ದೂರ ಬರುವುದು ಕಡಿಮೆ. ಕೋಟೆಯೊಳಗೆ ಆ ಮಧ್ಯಾಹ್ನ ನಾನೊಬ್ಬನೇ ಇದ್ದೆ. ಪಾಳುಬಿದ್ದ ಮಹಲುಗಳ ನೆರಳಿನಲ್ಲಿ ಮೇಕೆಗಳಿದ್ದವು. ಸಂಜೆ ಚೌಬಾರದ ಗೋಪುರದ ಬಳಿ ಚಹದ ಅಂಗಡಿಯ ಮುದುಕರೊಬ್ಬರು ನನ್ನ ಮೈಸೂರು ಕಡೆಯ ಕನ್ನಡ ಕೇಳಿ, "ಯಾರ ಮನಿಗಿ ಬಂದೀರಿ ಸಾಹೇಬ್ರೆ?" ಎಂದು ಕೇಳಿದರು. ಯಾರ ಮನೆಗೂ ಅಲ್ಲ, ಊರು ನೋಡಲು ಬಂದೆ ಎಂದೆ. ಒಬ್ಬನೇ ಏಕೆ ಬಂದಿರೆಂಬ ಸಂಶಯವೂ, ಅಯ್ಯೋ ಎಂಬ ಕನಿಕರವೂ ಅವರ ಮುಖದಲ್ಲಿ ಒಟ್ಟಿಗೇ ಕಂಡವು. ನಾನು ನನ್ನ ಹೆಸರು ಹೇಳಿದೆ, ಊರು ಹೇಳಿದೆ, ಮಾಡುವ ಕೆಲಸ ಹೇಳಿದೆ. ಅವರು ಬೆಂಚಿನ ಮೇಲೆ ತುಸು ಸರಿದು ಜಾಗ ಮಾಡಿಕೊಟ್ಟರು. ಆಮೇಲೆ ಕತ್ತಲಾಗುವವರೆಗೆ ತಮ್ಮ ಊರಿನ ಕಥೆ ಹೇಳಿದರು. ನಾನು ಚಹದ ದುಡ್ಡು ಕೊಡಲು ಹೋದಾಗ ತೆಗೆದುಕೊಳ್ಳಲಿಲ್ಲ.